ಬಿಪಿ ನೋಡಿದರೆ ಸಾಲದು, ಉಸಿರನ್ನೂ ಎಣಿಸಬೇಕು

ತಾಳಿಕೋಟೆ ಎಂದ ಕೂಡಲೇ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ಶಾಲೆಯ ಇತಿಹಾಸ ಪುಸ್ತಕ. 1565ರ ಜನವರಿ, ವಿಜಯನಗರದ ಅಳಿಯ ರಾಮರಾಯ, ದಖ್ಖನಿನ ಸುಲ್ತಾನರು, ಪರೀಕ್ಷೆಗೆ ಬರುವ ಒಂದು ಪ್ರಶ್ನೆ. ಅಲ್ಲಿಗೆ ಆ ಊರಿನ ಕಥೆ ನಮಗೆ ಮುಗಿಯಿತು. ಆದರೆ ಡೋಣಿ ನದಿಯ ದಂಡೆಯ ಆ ಊರು ಈಗಲೂ ಉಂಟು. ವಿಜಯಪುರ ಜಿಲ್ಲೆಯಲ್ಲಿ, ಮುದ್ದೇಬಿಹಾಳದಿಂದ ಬೇರ್ಪಟ್ಟು, ಈಗ ತಾನೇ ಒಂದು ತಾಲೂಕು ಕೇಂದ್ರ. ಜೋಳ, ತೊಗರಿ, ಕಡಲೆ ಬೆಳೆಯುವ ಕಪ್ಪು ಎರೆ ಮಣ್ಣಿನ ಸೀಮೆ. ಎಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುವುದು ಅಲ್ಲಿ ದೊಡ್ಡ ಸುದ್ದಿಯೇ ಅಲ್ಲ.

ಕರಾವಳಿಯ ನಮಗೂ ಆ ಸೀಮೆಗೂ ಸಂಬಂಧ ಇಲ್ಲ ಎಂದುಕೊಳ್ಳಬೇಡಿ. ನಮ್ಮ ಮನೆಗೆ ಪಂಚಾಂಗ ಹಾಕುವ, ನಮ್ಮ ಊರಿನ ರಸ್ತೆ ಅಗೆಯುವ ಕೆಲಸಕ್ಕೆ ವಿಜಯಪುರ, ಬಾಗಲಕೋಟೆ ಕಡೆಯ ಕಾರ್ಮಿಕರು ಸಂಸಾರ ಸಮೇತ ಬರುತ್ತಾರೆ. ಇತ್ತ ದೇರಳಕಟ್ಟೆಯಲ್ಲಿ, ಕಂಕನಾಡಿಯಲ್ಲಿ ನರ್ಸಿಂಗ್ ಕಲಿತ ನಮ್ಮ ಮಕ್ಕಳು ಸರಕಾರಿ ಕೆಲಸಕ್ಕೆ ಅರ್ಜಿ ಹಾಕಿದರೆ ಪೋಸ್ಟಿಂಗ್ ರಾಜ್ಯದ ಯಾವ ಮೂಲೆಗೂ ಆದೀತು. ಹಾಗೆ ಒಬ್ಬಳು ಹುಡುಗಿಗೆ ತಾಳಿಕೋಟೆ ಕಡೆಯ ಒಂದು ಹಳ್ಳಿಯ ಆರೋಗ್ಯ ಕೇಂದ್ರಕ್ಕೆ ಆರ್ಡರ್ ಬಂತು ಎಂದು ಇಟ್ಟುಕೊಳ್ಳಿ. ಅವಳು ಬ್ಯಾಗಿನಲ್ಲಿ ಏನು ಕೊಂಡು ಹೋಗುತ್ತಾಳೆ? ಒಂದು ಥರ್ಮಾಮೀಟರ್, ಒಂದು ಬಿಪಿ ಮಿಷನ್, ಸ್ಟೆತಾಸ್ಕೋಪ್, ಬೆರಳಿಗೆ ಸಿಕ್ಕಿಸುವ ಪುಟ್ಟ ಆಕ್ಸಿಮೀಟರ್, ಸೆಕೆಂಡ್ ಮುಳ್ಳಿರುವ ಒಂದು ವಾಚು. ಇಷ್ಟೇ. ಇದರಲ್ಲಿ ಹೆಚ್ಚಿನವು ಇಂದು ನಮ್ಮ ಮನೆಗಳ ಶೋಕೇಸಿನಲ್ಲಿಯೂ ಉಂಟು. ಗಲ್ಫ್‌ನಿಂದ ಮಗ ತಂದದ್ದು, ಕೊರೋನ ಕಾಲದಲ್ಲಿ ಗಡಿಬಿಡಿಯಲ್ಲಿ ಖರೀದಿ ಮಾಡಿದ್ದು. ವಸ್ತು ಉಂಟು, ಅದನ್ನು ಸರಿಯಾಗಿ ಬಳಸುವ ಕ್ರಮ ಹೆಚ್ಚಿನ ಮನೆಗಳಲ್ಲಿ ಇಲ್ಲ. ನರ್ಸಿಂಗ್ ಕಾಲೇಜಿನಲ್ಲಿ ಮೊದಲ ವರ್ಷವೇ ಕಲಿಸುವ ಪಾಠ ಅದು. ಆ ಪಾಠ ಮನೆಯವರಿಗೂ ಗೊತ್ತಿದ್ದರೆ ಎಷ್ಟೋ ಸಲ ಆಸ್ಪತ್ರೆಗೆ ಹೊರಡುವುದು ತಡವಾಗುವುದಿಲ್ಲ.

ಮಾತು ಬೇರೆ, ಮೈ ಒಂದೇ

ನಮ್ಮ ಕಡೆ ರೋಗಿ ‘ಸುಸ್ತುಂಟು, ತಲೆ ತಿರುಗ್ತದೆ’ ಎನ್ನುತ್ತಾರೆ. ತಾಳಿಕೋಟೆ ಕಡೆಯವರು ‘ಜೀವಕ್ಕ ಸಮಾಧಾನ ಇಲ್ರಿ, ಕಣ್ಣಿಗಿ ಕತ್ತಲಿ ಬರ್ತದ್ರಿ’ ಎನ್ನುತ್ತಾರೆ. ಅಲ್ಲಿಯ ಮುಸ್ಲಿಂ ಮನೆಗಳಲ್ಲಿ ದಖ್ಖನಿ ಉರ್ದು. ‘ಚಕ್ಕರ್ ಆರಾ’ ಎಂದರೆ ತಲೆ ತಿರುಗುವುದು. ಬ್ಯಾರಿ ಭಾಷೆಯ ಹುಡುಗಿಗೆ ಎರಡೂ ಹೊಸತು. ಅದಲ್ಲದೆ ‘ಜೀವಕ್ಕೆ ಸಮಾಧಾನ ಇಲ್ಲ’ ಎಂಬ ಒಂದೇ ಮಾತಿನ ಹಿಂದೆ ಹೃದಯಾಘಾತ ಇರಬಹುದು, ಸಕ್ಕರೆ ಇಳಿದಿರಬಹುದು, ಬಿಸಿಲು ಹೊಡೆದಿರಬಹುದು, ನ್ಯುಮೋನಿಯಾ ಇರಬಹುದು, ಬರೀ ಗಾಬರಿಯೂ ಇರಬಹುದು.

ಇಲ್ಲಿ ನರ್ಸ್‌ನ ಕೈ ಹಿಡಿಯುವುದು ಐದು ಅಂಕಿಗಳು. ಮೈಯ ಬಿಸಿ, ನಾಡಿ, ಉಸಿರು, ಬಿಪಿ, ರಕ್ತದ ಆಮ್ಲಜನಕ. ಇವಕ್ಕೆ ವೈಟಲ್ ಸೈನ್ಸ್ ಎನ್ನುತ್ತಾರೆ; ಜೀವದ ಗುರುತುಗಳು ಎನ್ನೋಣ. ರೋಗಿಗೆ ನೋವು ಎಷ್ಟಿದೆ, ಅವರು ಎಚ್ಚರದಲ್ಲಿದ್ದಾರಾ, ಕೇಳಿದ್ದಕ್ಕೆ ಸರಿಯಾಗಿ ಉತ್ತರ ಕೊಡುತ್ತಾರಾ ಎಂಬುದನ್ನೂ ಇದರ ಜೊತೆಗೆ ನೋಡುತ್ತಾರೆ. ಇವೆಲ್ಲ ಸೇರಿ ‘ಕಾಯಿಲೆ ಯಾವುದು’ ಎಂದು ಹೇಳುವುದಿಲ್ಲ. ‘ಕಾಯಲು ಸಮಯ ಉಂಟಾ, ಇಲ್ಲವಾ’ ಎಂದು ಹೇಳುತ್ತವೆ. ತಾಳಿಕೋಟೆಯ ಹಳ್ಳಿಯಿಂದ ವಿಜಯಪುರದ ದೊಡ್ಡ ಆಸ್ಪತ್ರೆಗೆ ಒಂದು ಗಂಟೆಗೂ ಹೆಚ್ಚಿನ ದಾರಿ. ಹಾಗಾಗಿ ಅಲ್ಲಿಯ ನರ್ಸ್‌ಗೆ ಈ ಪ್ರಶ್ನೆಯೇ ಮುಖ್ಯ. ನಮಗೆ ಆಸ್ಪತ್ರೆ ಹತ್ತಿರ. ಆದರೂ ‘ನಾಳೆ ನೋಡುವ’ ಎನ್ನುತ್ತಾ ಹೊತ್ತು ಕಳೆಯುವುದು ನಮ್ಮಲ್ಲಿಯೇ ಹೆಚ್ಚು.

ನಾಡಿ ಹಿಡಿದವರ ಪರಂಪರೆ

ನಾಡಿ ನೋಡುವ ವಿದ್ಯೆ ಇಂದಿನದ್ದಲ್ಲ. ಸುಮಾರು ಸಾವಿರ ವರ್ಷದ ಹಿಂದೆ ಇಬ್ನ್ ಸೀನಾ ತನ್ನ ‘ಅಲ್ ಖಾನೂನ್’ ಗ್ರಂಥದಲ್ಲಿ ನಾಡಿಯ ವೇಗ, ಬಲ, ಲಯಗಳನ್ನು ಬಿಡಿಸಿ ಬಿಡಿಸಿ ಬರೆದಿದ್ದಾರೆ. ತಾಳಿಕೋಟೆ ಯುದ್ಧದ ವಿವರ ನಮಗೆ ತಿಳಿದುಬಂದಿರುವ ಮುಖ್ಯ ಮೂಲಗಳಲ್ಲಿ ಒಂದು ಫಿರಿಶ್ತಾನ ಪರ್ಷಿಯನ್ ಇತಿಹಾಸ. 1589ರಲ್ಲಿ ಬಿಜಾಪುರಕ್ಕೆ ಬಂದು ಎರಡನೇ ಇಬ್ರಾಹೀಂ ಆದಿಲ್ ಶಾಹನ ಆಶ್ರಯದಲ್ಲಿ ಅದನ್ನು ಬರೆದ ಈತ, ಭಾರತೀಯ ವೈದ್ಯದ ಬಗ್ಗೆಯೂ ಪರ್ಷಿಯನ್ ಭಾಷೆಯಲ್ಲಿ ಒಂದು ಪುಸ್ತಕ ಬರೆದಿದ್ದಾನೆ. ಅದರ ಹೆಸರು ‘ದಸ್ತೂರುಲ್ ಅತಿಬ್ಬಾ’. ಯುದ್ಧದ ಕಥೆ ಎಲ್ಲರಿಗೂ ಗೊತ್ತು, ಈ ಪುಸ್ತಕದ ವಿಷಯ ಹೆಚ್ಚಿನವರಿಗೆ ಗೊತ್ತಿಲ್ಲ.

ಮಿಷನ್‌ಗಳು ಬಂದದ್ದು ಮತ್ತೆ. 1816ರಲ್ಲಿ ಫ್ರಾನ್ಸಿನ ಲೆನೆಕ್ ಸ್ಟೆತಾಸ್ಕೋಪ್ ಮಾಡಿದ. 1860ರ ದಶಕದಲ್ಲಿ ಜರ್ಮನಿಯ ವುಂಡರ್‌ಲಿಶ್ ಸಾವಿರಾರು ರೋಗಿಗಳ ಮೈಬಿಸಿ ಅಳೆದು ಜ್ವರದ ಚಾರ್ಟ್ ಬರೆಯುವ ಕ್ರಮ ತಂದ. 1896ರಲ್ಲಿ ಇಟಲಿಯ ರಿವಾ ರೊಚ್ಚಿ ತೋಳಿಗೆ ಕಟ್ಟುವ ಪಟ್ಟಿಯ ಬಿಪಿ ಮಿಷನ್ ಮಾಡಿದ. 1905ರಲ್ಲಿ ರಷ್ಯಾದ ಕೊರೊಟ್ಕಾಫ್ ಸ್ಟೆತಾಸ್ಕೋಪ್ ಇಟ್ಟು ಮೇಲಿನ ಮತ್ತು ಕೆಳಗಿನ ಎರಡೂ ಅಂಕಿ ಕೇಳಿಸಿಕೊಳ್ಳುವುದನ್ನು ತೋರಿಸಿದ. 1974ರಲ್ಲಿ ಜಪಾನಿನ ತಕುವೊ ಅವೊಯಾಗಿ ಇಂದಿನ ಆಕ್ಸಿಮೀಟರಿನ ತತ್ವ ಕಂಡುಹಿಡಿದ. ಇಷ್ಟೆಲ್ಲ ಬಂದರೂ ಉಸಿರು ಎಣಿಸುವುದಕ್ಕೆ ಇಂದಿಗೂ ಕಣ್ಣು ಮತ್ತು ವಾಚೇ ಸಾಕು.

ಯಾರೂ ಎಣಿಸದ ಉಸಿರು

ಆರಾಮವಾಗಿ ಕುಳಿತ ದೊಡ್ಡವರ ಉಸಿರು ನಿಮಿಷಕ್ಕೆ 12ರಿಂದ 20. ಐದು ಅಂಕಿಗಳಲ್ಲಿ ಅತ್ಯಂತ ಸುಲಭದ್ದು ಇದು, ಮತ್ತು ಮನೆಯಲ್ಲಿರಲಿ ಆಸ್ಪತ್ರೆಯಲ್ಲಿರಲಿ ಜನ ಅತಿ ಹೆಚ್ಚು ಮರೆಯುವುದೂ ಇದನ್ನೇ. ಬಿಪಿ ಕೇಳುತ್ತೇವೆ, ಶುಗರ್ ಕೇಳುತ್ತೇವೆ, ‘ಉಸಿರು ಎಷ್ಟುಂಟು’ ಎಂದು ಯಾರೂ ಕೇಳುವುದಿಲ್ಲ. ಆದರೆ ಮೈಯೊಳಗೆ ಏನೋ ಕೆಡುತ್ತಿದೆ ಎಂದಾಗ ಮೊದಲು ಏರುವ ಅಂಕಿಗಳಲ್ಲಿ ಉಸಿರೂ ಒಂದು. ಶ್ವಾಸಕೋಶದ ಸೋಂಕು, ರಕ್ತಕ್ಕೆ ಇಳಿದ ನಂಜು, ಹೃದಯದ ತೊಂದರೆ, ಶುಗರ್ ತೀರಾ ಏರಿ ರಕ್ತ ಆಮ್ಲವಾಗುವುದು, ಎಲ್ಲದರಲ್ಲೂ ಉಸಿರು ಬೇಗ ಬೇಗ ಓಡುತ್ತದೆ. ಬ್ರಿಟನ್ನಿನ ಆಸ್ಪತ್ರೆಗಳಲ್ಲಿ 2012ರಿಂದ ಬಳಕೆಯಲ್ಲಿರುವ ಮುನ್ನೆಚ್ಚರಿಕೆಯ ಅಂಕಪಟ್ಟಿಯಲ್ಲಿ ನಿಮಿಷಕ್ಕೆ 25 ಅಥವಾ ಹೆಚ್ಚು ಉಸಿರು ಇದ್ದರೆ ಆ ಒಂದಕ್ಕೇ 3 ಅಂಕ. ಒಂದು ಅಳತೆಗೆ ಕೊಡುವ ಅತಿ ದೊಡ್ಡ ಅಂಕ ಅದು.

ಎಣಿಸುವುದು ಹೇಗೆ? ಎದೆ ಅಥವಾ ಹೊಟ್ಟೆ ಒಮ್ಮೆ ಏರಿ ಇಳಿದರೆ ಒಂದು. ಪೂರ್ತಿ 60 ಸೆಕೆಂಡ್ ಎಣಿಸಿ. 15 ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸಿದರೆ ಲೆಕ್ಕ ತಪ್ಪುತ್ತದೆ. ಇನ್ನೊಂದು ಸೂಕ್ಷ್ಮ: ‘ನಿಮ್ಮ ಉಸಿರು ಎಣಿಸ್ತೇನೆ’ ಎಂದು ರೋಗಿಗೆ ಹೇಳಬೇಡಿ. ಹೇಳಿದ ಕೂಡಲೇ ಉಸಿರಾಟದ ಕ್ರಮ ಬದಲಾಗುತ್ತದೆ. ನರ್ಸ್‌ಗಳು ನಾಡಿ ಎಣಿಸಿ ಮುಗಿದ ಮೇಲೂ ಕೈ ಬಿಡದೆ, ನಾಡಿ ನೋಡುವ ಹಾಗೆಯೇ ಕುಳಿತು, ಎದೆಯ ಕಡೆ ಕಣ್ಣಿಟ್ಟು ಉಸಿರು ಎಣಿಸುತ್ತಾರೆ. ಅದೇ ಉಪಾಯ ಮನೆಯಲ್ಲೂ ಆಗುತ್ತದೆ.

ಮಕ್ಕಳ ವಿಷಯದಲ್ಲಿ ಈ ಒಂದು ನಿಮಿಷ ಪ್ರಾಣ ಉಳಿಸುವಂಥದ್ದು. ಶೀತ, ಕೆಮ್ಮು ಇರುವ ಮಗುವಿಗೆ ಅದು ಬರೀ ಶೀತವಾ, ನ್ಯುಮೋನಿಯಾ ಆಗಿದೆಯಾ ಎಂದು ತಿಳಿಯಲು ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಲೆಕ್ಕ ಹೀಗಿದೆ. ಎರಡು ತಿಂಗಳೊಳಗಿನ ಶಿಶುವಿಗೆ ನಿಮಿಷಕ್ಕೆ 60 ಅಥವಾ ಹೆಚ್ಚು, ಎರಡರಿಂದ ಹನ್ನೆರಡು ತಿಂಗಳ ಮಗುವಿಗೆ 50 ಅಥವಾ ಹೆಚ್ಚು, ಒಂದರಿಂದ ಐದು ವರ್ಷದ ಮಗುವಿಗೆ 40 ಅಥವಾ ಹೆಚ್ಚು ಇದ್ದರೆ ಅದು ವೇಗದ ಉಸಿರು. ಮಗು ಅಳುವಾಗ ಎಣಿಸಬೇಡಿ. ಉಮ್ಮನ ಮಡಿಲಲ್ಲಿ ಸುಮ್ಮನಿರುವಾಗ ಅಂಗಿ ಮೇಲೆತ್ತಿ ನೋಡಿ. ಉಸಿರು ಎಳೆಯುವಾಗ ಪಕ್ಕೆಲುಬಿನ ಕೆಳಗೆ ಎದೆ ಒಳಗೆ ಸೇದಿದರೆ, ಮೂಗಿನ ಹೊಳ್ಳೆ ಅರಳಿದರೆ, ನರಳುವ ಶಬ್ದ ಬಂದರೆ, ಹಾಲು ಕುಡಿಯಲಾಗದಿದ್ದರೆ, ಎಬ್ಬಿಸಿದರೂ ಏಳದಿದ್ದರೆ ಬೆಳಗಾಗುವ ತನಕ ಕಾಯಬೇಡಿ. ಮಂತ್ರಿಸಿದ ನೀರು, ನೂಲು ಎಲ್ಲ ನಿಮ್ಮ ನಂಬಿಕೆ. ಆದರೆ ಆ ಹೊತ್ತಿಗೆ ಕಾರು ಮೊದಲು ಆಸ್ಪತ್ರೆಯ ಕಡೆ ತಿರುಗಲಿ.

ಬಿಪಿ ಏರುವುದು ಮೈಯಲ್ಲಾ, ಕಟ್ಟುವ ಕ್ರಮದಲ್ಲಾ?

ನಮ್ಮಲ್ಲಿ ಬಿಪಿ ನೋಡುವ ಕ್ರಮ ಹೇಗಿರುತ್ತದೆ? ಮೆಟ್ಟಿಲು ಹತ್ತಿ ಬಂದು ಕುಳಿತುಕೊಳ್ಳುವುದು, ತೋಳಿನ ಬಟ್ಟೆಯ ಮೇಲೆಯೇ ಪಟ್ಟಿ ಸುತ್ತುವುದು, ಮದುವೆ ಮಾತು ಆಡುತ್ತಲೇ ಬಟನ್ ಒತ್ತುವುದು. 160 ಬಂತು ಎಂದು ಹೆದರುವುದು, ಹೆದರಿದ್ದಕ್ಕೆ ಇನ್ನೂ ಏರುವುದು. ಕೊನೆಗೆ ಪಕ್ಕದ ಮನೆಯವರ ಮಾತ್ರೆ ಅರ್ಧ ತುಂಡು ನುಂಗುವುದು. ಇದು ಅಪಾಯ ಮಾರಾಯ್ರೆ.

ಬಟ್ಟೆಯ ಮೇಲೆ ಪಟ್ಟಿ ಕಟ್ಟಿದರೆ ಅಂಕಿ 5ರಿಂದ 50ರ ತನಕ ತಪ್ಪಾಗಿ ಏರಬಹುದು ಎಂದು ಅಮೆರಿಕದ ಹೃದ್ರೋಗ ತಜ್ಞರ ಸಂಘ ಎಚ್ಚರಿಸುತ್ತದೆ. ಅಳೆಯುವಾಗ ಮಾತಾಡಿದರೆ ಸುಮಾರು 10 ಹೆಚ್ಚಾಗುತ್ತದೆ. ಮೂತ್ರ ಕಟ್ಟಿಕೊಂಡಿದ್ದರೂ, ಕೈಯನ್ನು ಆಧಾರ ಇಲ್ಲದೆ ಗಾಳಿಯಲ್ಲಿ ಹಿಡಿದಿದ್ದರೂ ಸುಮಾರು ಅಷ್ಟೇ. ಕಾಲಿನ ಮೇಲೆ ಕಾಲು ಹಾಕಿದರೂ ಏರುತ್ತದೆ. ಎಲ್ಲ ತಪ್ಪು ಒಟ್ಟಿಗೆ ಸೇರಿದರೆ ಆರೋಗ್ಯವಂತನೂ ರೋಗಿ ಆಗಿಬಿಡುತ್ತಾನೆ.

ಸರಿಯಾದ ಕ್ರಮ ಇದು. ಅರ್ಧ ಗಂಟೆ ಮೊದಲಿನಿಂದ ಚಾ, ಕಾಫಿ, ಬೀಡಿ, ಸಿಗರೇಟು ಬೇಡ. ಮೂತ್ರಕ್ಕೆ ಹೋಗಿ ಬಂದು, ಬೆನ್ನಿಗೆ ಆಧಾರ ಇರುವ ಕುರ್ಚಿಯಲ್ಲಿ, ಪಾದ ನೆಲಕ್ಕೆ ಊರಿ ಐದು ನಿಮಿಷ ಸುಮ್ಮನೆ ಕುಳಿತುಕೊಳ್ಳಿ. ಕೈಯನ್ನು ಮೇಜಿನ ಮೇಲಿಡಿ, ಪಟ್ಟಿ ಎದೆಯ ಮಟ್ಟಕ್ಕೆ ಬರಲಿ. ಬರಿ ತೋಳಿಗೆ, ಮೊಣಕೈಯಿಂದ ಎರಡು ಬೆರಳು ಮೇಲೆ ಪಟ್ಟಿ ಕಟ್ಟಿ. ತೋಳು ದಪ್ಪ ಇದ್ದವರಿಗೆ ದೊಡ್ಡ ಪಟ್ಟಿಯೇ ಬೇಕು. ಸಣ್ಣ ಪಟ್ಟಿ ಕಟ್ಟಿದರೆ ಅಂಕಿ ಸುಳ್ಳೇ ಏರುತ್ತದೆ. ಒಂದೆರಡು ನಿಮಿಷ ಬಿಟ್ಟು ಮತ್ತೊಮ್ಮೆ ನೋಡಿ, ಎರಡನ್ನೂ ಬರೆದಿಡಿ. ಮೊದಲ ಸಲ ಎರಡೂ ಕೈಯಲ್ಲಿ ನೋಡಿ, ಯಾವುದರಲ್ಲಿ ಹೆಚ್ಚು ಬರುತ್ತದೋ ಮುಂದೆ ಅದೇ ಕೈಯಲ್ಲಿ ಅಳೆಯಬೇಕು.

ನಮ್ಮ ಹೆಂಗಸರಿಗೆ ಒಂದು ಮಾತು. ಬುರ್ಖಾದ ಉದ್ದ ತೋಳನ್ನು ಬಿಗಿಯಾಗಿ ಮೇಲೆ ಸುತ್ತಿದರೆ ಅದೇ ಒಂದು ಹಗ್ಗದ ಹಾಗೆ ತೋಳನ್ನು ಬಿಗಿಯುತ್ತದೆ, ಆಗಲೂ ಅಂಕಿ ತಪ್ಪುತ್ತದೆ. ಆಸ್ಪತ್ರೆಗೆ ಹೋಗುವ ದಿನ ಒಳಗೆ ಸಡಿಲ ತೋಳಿನ ಬಟ್ಟೆ ಹಾಕಿಕೊಳ್ಳಿ. ಪರದೆ ಹಾಕಿ, ಹೆಣ್ಣು ನರ್ಸ್ ಇದ್ದರೆ ಕಳುಹಿಸಿ ಎಂದು ಕೇಳುವುದರಲ್ಲಿ ತಪ್ಪೇನೂ ಇಲ್ಲ, ಕೇಳಿ. ಆದರೆ ನಾಚಿಕೆಯಿಂದ ಬಟ್ಟೆಯ ಮೇಲೆಯೇ ನೋಡಿ ಎಂದು ಹೇಳಿ ತಪ್ಪು ಅಂಕಿಗೆ ವರ್ಷಗಟ್ಟಲೆ ಮಾತ್ರೆ ತಿನ್ನಬೇಡಿ.

ಆಸ್ಪತ್ರೆಯಲ್ಲಿ ಮತ್ತೆ ಮತ್ತೆ 140/90 ಅಥವಾ ಮೇಲೆ ಬಂದರೆ, ಮನೆಯಲ್ಲಿ ಸರಿಯಾಗಿ ಅಳೆದ ಸರಾಸರಿ 135/85 ದಾಟಿದರೆ ವೈದ್ಯರಿಗೆ ತೋರಿಸಬೇಕು. ಒಂದು ದಿನದ ಒಂದು ಅಂಕಿಯಿಂದ ತೀರ್ಮಾನ ಬೇಡ. ಆದರೆ 180/120ರ ಹತ್ತಿರ ಇದ್ದು, ಎದೆನೋವು, ಏದುಸಿರು, ಮಾತು ತೊದಲುವುದು, ಒಂದು ಬದಿ ಸೋಲುವುದು ಜೊತೆಗಿದ್ದರೆ ಎರಡನೇ ಸಲ ಅಳೆಯುತ್ತಾ ಕೂರಬಾರದು. ಕೂಡಲೇ 108ಕ್ಕೆ ಕರೆ ಮಾಡಿ. ರಮಝಾನ್‌ನಲ್ಲಿ ಬಿಪಿ, ಶುಗರ್ ಮಾತ್ರೆಯ ಹೊತ್ತನ್ನು ನಾವೇ ಬದಲಾಯಿಸುವುದೂ ಸರಿಯಲ್ಲ. ಉಪವಾಸ ಶುರುವಾಗುವ ಮೊದಲೇ ಡಾಕ್ಟರ ಹತ್ತಿರ ಕೇಳಿಡಿ.

ನಾಡಿ ಎಣಿಸುವುದು ಇನ್ನೂ ಸುಲಭ. ಹೆಬ್ಬೆರಳಿನ ಬುಡದ ಕೆಳಗೆ ಮಣಿಕಟ್ಟಿನಲ್ಲಿ ನಡುವಿನ ಎರಡು ಬೆರಳು ಇಡಿ. ನಮ್ಮ ಹೆಬ್ಬೆರಳು ಇಟ್ಟರೆ ನಮ್ಮದೇ ನಾಡಿ ಸಿಕ್ಕೀತು. ಆರಾಮದಲ್ಲಿ ಇರುವ ದೊಡ್ಡವರಿಗೆ 60ರಿಂದ 100. ಒಮ್ಮೆ ಬೇಗ ಒಮ್ಮೆ ನಿಧಾನ, ಲಯವೇ ಇಲ್ಲದ ಹಾಗಿದ್ದರೆ ಪೂರ್ತಿ ನಿಮಿಷ ಎಣಿಸಿ ವೈದ್ಯರಿಗೆ ಹೇಳಿ. ಅಂಥ ಕೆಲವು ಹೃದಯಲಯದ ತೊಂದರೆಗಳಿಂದ ಪಾರ್ಶ್ವವಾಯು ಆಗುವ ಅಪಾಯ ಉಂಟು.

ತಾಳಿಕೋಟೆಯ ಒಣ ಬಿಸಿಲು, ನಮ್ಮ ಬೆವರು

ಬಿಸಿಲು ಹೊಡೆಯುವ ರೀತಿ ಊರಿಂದ ಊರಿಗೆ ಬೇರೆ. ತಾಳಿಕೋಟೆಯಲ್ಲಿ ಗಾಳಿ ಒಣ. ಬೆವರು ಬಂದ ಕೂಡಲೇ ಆರಿ ಹೋಗುತ್ತದೆ. ಮೈ ಒದ್ದೆಯಾಗದ್ದರಿಂದ ಎಷ್ಟು ನೀರು ಹೋಯಿತು ಎಂದು ಹೊಲದಲ್ಲಿರುವವರಿಗೆ ಗೊತ್ತೇ ಆಗುವುದಿಲ್ಲ. ನಮ್ಮಲ್ಲಿ ಉಲ್ಟಾ. ಉಷ್ಣಾಂಶ ಅಲ್ಲಿಗಿಂತ ಕಡಿಮೆ, ಆದರೆ ಗಾಳಿಯಲ್ಲಿ ತೇವ ತುಂಬಿರುವುದರಿಂದ ಬೆವರು ಆರುವುದೇ ಇಲ್ಲ. ಬೆವರು ಆರದೆ ಮೈ ತಣಿಯುವುದಿಲ್ಲ. ಆದ್ದರಿಂದ ಆ ಸೀಮೆಯಿಂದ ಇಲ್ಲಿಗೆ ದುಡಿಯಲು ಬಂದವನು ‘ನಮ್ಮೂರಿನ ಬಿಸಿಲ ಮುಂದ ಇದೇನ್ರಿ’ ಎಂದರೂ, ಕಾಂಕ್ರೀಟ್ ಹಾಕುವ ಮಧ್ಯಾಹ್ನ ಅವನ ಮೇಲೆ ಒಂದು ಕಣ್ಣಿಡಿ.

ಬರೀ ದಣಿವು ಆದರೆ ತಲೆನೋವು, ವಾಕರಿಕೆ, ಬೆವರು, ವೇಗದ ನಾಡಿ. ನೆರಳು, ನೀರು, ಓಆರ್‌ಎಸ್ ಕೊಟ್ಟರೆ ಸುಧಾರಿಸುತ್ತಾರೆ. ಆದರೆ ಮೈಬಿಸಿ 40 ಡಿಗ್ರಿ ಸೆಲ್ಸಿಯಸ್, ಅಂದರೆ 104 ಡಿಗ್ರಿ ಫ್ಯಾರನ್‌ಹೀಟ್ ದಾಟಿ, ಮಾತು ಅಸಂಬದ್ಧವಾದರೆ, ತೂರಾಡಿದರೆ, ಫಿಟ್ಸ್ ಬಂದರೆ ಅದು ಬಿಸಿಲಾಘಾತ. ಇಲ್ಲಿ ಎರಡು ತಪ್ಪು ಆಗುತ್ತವೆ. ಒಂದು, ‘ಬೆವರುತ್ತಾನಲ್ಲ, ಏನಿಲ್ಲ’ ಎಂಬ ಸಮಾಧಾನ. ಕೆಲಸ ಮಾಡುತ್ತಾ ಬಿಸಿಲಾಘಾತ ಆದವರು ಬೆವರುತ್ತಲೂ ಇರಬಹುದು. ಎರಡು, ಕಂಕುಳಿನ ಥರ್ಮಾಮೀಟರಿನ ಮೇಲೆ ಪೂರ್ತಿ ನಂಬಿಕೆ. ಅದು ಒಳಗಿನ ಬಿಸಿಗಿಂತ ಕಡಿಮೆ ತೋರಿಸುತ್ತದೆ. ಅಂಕಿಗಿಂತ ಇಲ್ಲಿ ಎಚ್ಚರ ಮುಖ್ಯ. ಬುದ್ಧಿ ತಪ್ಪಿದ ಹಾಗಾದರೆ ನೆರಳಿಗೆ ಒಯ್ಯಿರಿ, ಬಟ್ಟೆ ಸಡಿಲಿಸಿ, ಮೈಗೆ ನೀರು ಸುರಿದು ಗಾಳಿ ಹಾಕಿ, ಕುತ್ತಿಗೆ, ಕಂಕುಳು, ತೊಡೆಸಂದಿಗೆ ಐಸ್ ಅಥವಾ ಒದ್ದೆ ಬಟ್ಟೆ ಇಡಿ, 108 ಕರೆಯಿರಿ. ಎಚ್ಚರ ಇಲ್ಲದವನ ಬಾಯಿಗೆ ನೀರು ಹಾಕಬಾರದು. ಪ್ಯಾರಾಸಿಟಮಾಲ್ ಇದಕ್ಕೆ ಕೆಲಸ ಮಾಡುವುದಿಲ್ಲ.

ಗಲ್ಫ್‌ನಲ್ಲಿ ಹೊರಗಿನ ಕೆಲಸದಲ್ಲಿರುವ ನಮ್ಮ ಹುಡುಗರಿಗೂ ಇದೇ ಪಾಠ. ಯುಎಇ, ಸೌದಿಯಲ್ಲಿ ಜೂನ್ 15ರಿಂದ ಸೆಪ್ಟಂಬರ್ 15ರ ತನಕ ಮಧ್ಯಾಹ್ನದ ಹೊತ್ತು ಬಿಸಿಲಿನಲ್ಲಿ ಕೆಲಸ ಮಾಡಿಸುವುದಕ್ಕೆ ನಿಷೇಧ ಇರುವುದು ಸುಮ್ಮನೆ ಅಲ್ಲ.

ನಲವತ್ತು ದಿನದ ಮನೆ

ನಮ್ಮಲ್ಲಿ ಬಾಣಂತಿಗೆ 40 ದಿನದ ಆರೈಕೆ. ಎಣ್ಣೆ ಸ್ನಾನ, ಮದ್ದು, ಕೋಳಿ, ಎಲ್ಲ ಉಂಟು. ಆ 40 ದಿನದಲ್ಲಿ ಎಷ್ಟು ಸಲ ಬಿಪಿ ನೋಡುತ್ತೇವೆ? ಗರ್ಭಿಣಿಗೆ ಐದು ತಿಂಗಳ ನಂತರ 140/90 ಬಂದರೆ, ಜೊತೆಗೆ ಜೋರು ತಲೆನೋವು, ಕಣ್ಣು ಮಂಜು, ಮುಖದಲ್ಲಿ ಬಾವು, ಎದೆಗೂಡಿನ ಕೆಳಗೆ ನೋವು ಇದ್ದರೆ ಅದು ಅಪಾಯದ ಗುರುತು. 160/110 ಆದರೆ ತುರ್ತು. ಹೆರಿಗೆ ಆದ ಮೇಲೂ ಕೆಲವು ವಾರ ಇದು ಬರಬಹುದು. ‘ಹೆರಿಗೆ ಆಯಿತಲ್ಲ, ಇನ್ನು ಬಿಪಿ ಇಳಿಯುತ್ತದೆ’ ಎಂದು ಬಿಡಬೇಡಿ.

ಹೆರಿಗೆಯ ನಂತರ ರಕ್ತ ಹೋಗುವಾಗ ಬಿಪಿ ಕೂಡಲೇ ಇಳಿಯುವುದಿಲ್ಲ. ಹರೆಯದ ಮೈ ಕೊನೆಯ ತನಕ ಬಿಪಿಯನ್ನು ಹಿಡಿದಿಟ್ಟುಕೊಂಡು, ಮತ್ತೆ ಒಮ್ಮೆಲೇ ಕೈಬಿಡುತ್ತದೆ. ಮೊದಲು ಓಡುವುದು ನಾಡಿ. ನಾಡಿಯ ಅಂಕಿ ಬಿಪಿಯ ಮೇಲಿನ ಅಂಕಿಯ ಹತ್ತಿರ ಬಂತು ಅಥವಾ ದಾಟಿತು ಎಂದರೆ, ಉದಾಹರಣೆಗೆ ನಾಡಿ 115, ಬಿಪಿ 105 ಎಂದರೆ, ಬಾಣಂತಿ ‘ನನಗೇನಿಲ್ಲ’ ಎಂದು ಹೇಳಿದರೂ ಒಪ್ಪಬಾರದು.

ಶಿಶುವಿನ ಮೈಬಿಸಿ 36.5ರಿಂದ 37.5 ಡಿಗ್ರಿ ಸೆಲ್ಸಿಯಸ್ ಇರಬೇಕು. ಏರುವುದು ಮಾತ್ರ ಅಲ್ಲ, ಇಳಿಯುವುದೂ ಅಪಾಯ. ಮೈ ತಣ್ಣಗಾಗಿ ಹಾಲು ಬಿಟ್ಟ ಮಗು ಜ್ವರದ ಮಗುವಿನಷ್ಟೇ ಗಂಭೀರ. ಆಸ್ಪತ್ರೆಯಲ್ಲಿ ಹೆರಿಗೆಯಾದ ಮನೆಗೆ ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೇ ದಿನ ಬರಬೇಕು. ಮಗುವಿನ ತೂಕ, ಬಿಸಿ, ಉಸಿರು ನೋಡಬೇಕು. ತಾಳಿಕೋಟೆಯ ಹಳ್ಳಿಯಲ್ಲೂ, ಉಳ್ಳಾಲದ ಓಣಿಯಲ್ಲೂ ನಿಯಮ ಒಂದೇ. ‘ಮಗು ಮಲಗಿದೆ, ಮತ್ತೆ ಬನ್ನಿ’ ಎಂದು ಬಾಗಿಲಿಂದಲೇ ಕಳುಹಿಸಬೇಡಿ. ಮಲಗಿದ ಮಗುವಿನ ಉಸಿರೇ ಎಣಿಸಲು ಸುಲಭ.

ನೋಡು, ಮುಟ್ಟು, ತಟ್ಟು, ಕೇಳು

ಅಂಕಿ ಎಲ್ಲವನ್ನೂ ಹೇಳುವುದಿಲ್ಲ. ಅದಕ್ಕೆ ನರ್ಸಿಂಗ್‌ನಲ್ಲಿ ಮೈ ಪರೀಕ್ಷೆಯ ನಾಲ್ಕು ಹೆಜ್ಜೆ ಕಲಿಸುತ್ತಾರೆ: ನೋಡುವುದು, ಮುಟ್ಟುವುದು, ಬೆರಳಿನಿಂದ ತಟ್ಟುವುದು, ಸ್ಟೆತಾಸ್ಕೋಪ್ ಇಟ್ಟು ಕೇಳುವುದು. ಹೊಟ್ಟೆಗೆ ಮಾತ್ರ ಕ್ರಮ ಬದಲು. ಮೊದಲು ಕೇಳಬೇಕು, ಆಮೇಲೆ ಮುಟ್ಟಬೇಕು. ಮೊದಲೇ ಒತ್ತಿದರೆ ಕರುಳಿನ ಶಬ್ದ ಬದಲಾಗುತ್ತದೆ.

ತಟ್ಟುವುದು, ಕೇಳುವುದು ಕಲಿತವರ ಕೆಲಸ. ನೋಡುವುದು, ಮುಟ್ಟುವುದು ಮನೆಯವರಿಗೂ ಆಗುತ್ತದೆ. ಕೆಳಗಿನ ಕಣ್ಣರೆಪ್ಪೆ ಎಳೆದು ನೋಡಿದರೆ ಒಳಗೆ ಕೆಂಪಾಗಿರಬೇಕು, ಬಿಳಿಚಿದ್ದರೆ ರಕ್ತ ಕಡಿಮೆ ಇರಬಹುದು. ಕಣ್ಣಿನ ಬಿಳಿ ಹಳದಿಯಾದರೆ ಕಾಮಾಲೆ. ತುಟಿ, ನಾಲಗೆ ನೀಲಿಯಾದರೆ ಆಮ್ಲಜನಕದ ಕೊರತೆ. ಉಗುರನ್ನು ಒತ್ತಿ ಬಿಟ್ಟರೆ ಸುಮಾರು ಎರಡು ಸೆಕೆಂಡಿನೊಳಗೆ ಬಣ್ಣ ಮರಳಬೇಕು. ಕಾಲಿನ ಗಂಟಿನ ಮೇಲೆ ಬೆರಳು ಒತ್ತಿದಾಗ ಗುಳಿ ಹಾಗೆಯೇ ಉಳಿದರೆ ನೀರು ತುಂಬಿದೆ ಎಂದು ಅರ್ಥ; ಅದಕ್ಕೆ ಹೃದಯ, ಮೂತ್ರಪಿಂಡ, ಯಕೃತ್ತಿನ ತೊಂದರೆ ಕಾರಣವಾಗಿರಬಹುದು. ಶುಗರ್ ಇರುವ ಉಪ್ಪ, ಉಮ್ಮನ ಪಾದವನ್ನು ವಾರಕ್ಕೊಮ್ಮೆಯಾದರೂ ಮಕ್ಕಳು ಬೆಳಕಿನಲ್ಲಿ ನೋಡಬೇಕು, ಬೆರಳ ಸಂದು ಬಿಡಿಸಿ ನೋಡಬೇಕು. ಅವರಿಗೆ ಗಾಯ ಆದದ್ದೇ ತಿಳಿದಿರುವುದಿಲ್ಲ.

ವಯಸ್ಸಾದವರಲ್ಲಿ ಇನ್ನೊಂದು ಎಚ್ಚರ. ಸೋಂಕು ಆದರೂ ಅವರಿಗೆ ಜ್ವರ ಬಾರದೆ ಇರಬಹುದು. ನಿನ್ನೆ ತನಕ ಸರಿ ಇದ್ದ ಅಜ್ಜಿ ಇವತ್ತು ಮಕ್ಕಳ ಹೆಸರು ಮರೆತರೆ, ಹೊತ್ತಲ್ಲದ ಹೊತ್ತಿಗೆ ಮಲಗಿದರೆ, ಅದನ್ನು ‘ಪ್ರಾಯ ಆಯಿತು’ ಎಂದು ತಳ್ಳಿಬಿಡಬೇಡಿ. ಹೃದಯದ ಕೆಲವು ಮಾತ್ರೆ ತಿನ್ನುವವರ ನಾಡಿಯೂ ಏರುವುದಿಲ್ಲ. ಅಂಕಿ ಚಂದ ಇದ್ದು ಮನುಷ್ಯ ಚಂದ ಇಲ್ಲದಿದ್ದರೆ ಮನುಷ್ಯನನ್ನೇ ನಂಬಬೇಕು.

ಮೈಲಾಂಜಿ ಬೆರಳು, ಆಕ್ಸಿಮೀಟರ್

ಆಕ್ಸಿಮೀಟರ್ ಬೆಳಕನ್ನು ಉಗುರಿನ ಮೂಲಕ ಹಾಯಿಸಿ ಲೆಕ್ಕ ಮಾಡುತ್ತದೆ. ಆದ್ದರಿಂದ ನೈಲ್ ಪಾಲಿಶ್, ಗಾಢವಾದ ಕಪ್ಪು ಮೈಲಾಂಜಿ ಇದ್ದರೆ ಅಂಕಿ ತಪ್ಪಬಹುದು. ಮದುವೆ ಮನೆಯಿಂದ ಬಂದ ಹೆಣ್ಣುಮಗಳಿಗೆ ಬಣ್ಣ ಇಲ್ಲದ ಬೆರಳಿಗೋ, ಕಾಲಿನ ಬೆರಳಿಗೋ ಹಾಕಿ ನೋಡಿ. ಕೈ ತಣ್ಣಗಿದ್ದರೆ ಉಜ್ಜಿ ಬಿಸಿ ಮಾಡಿ, ಅಲ್ಲಾಡಿಸದೆ ಅರ್ಧ ನಿಮಿಷವಾದರೂ ಕಾದು, ಅಂಕಿ ನಿಂತ ಮೇಲೆ ಓದಿ. 95 ಮತ್ತು ಮೇಲೆ ಸಾಮಾನ್ಯ. 94 ಅಥವಾ ಕೆಳಗಿದ್ದರೆ ವೈದ್ಯರಿಗೆ ಹೇಳಿ, 90ಕ್ಕಿಂತ ಕೆಳಗಿಳಿದರೆ ತುರ್ತು. ಹಳೆಯ ಶ್ವಾಸಕೋಶದ ಕಾಯಿಲೆ ಇರುವವರಿಗೆ ವೈದ್ಯರು ಬೇರೆ ಮಟ್ಟ ಹೇಳಿರುತ್ತಾರೆ. ಕಪ್ಪು ಚರ್ಮದವರಲ್ಲಿ ಈ ಮಿಷನ್ ಇರುವುದಕ್ಕಿಂತ ಸ್ವಲ್ಪ ಹೆಚ್ಚು ತೋರಿಸಬಹುದು ಎಂಬುದೂ ಈಗ ಗೊತ್ತಾಗಿದೆ. 97 ತೋರಿಸಿದರೂ ನಿಮಿಷಕ್ಕೆ 30 ಸಲ ಏದುಸಿರು ಬಿಡುವವರು ಸರಿ ಇದ್ದಾರೆ ಎಂದು ಅರ್ಥ ಅಲ್ಲ.

ಒಂದು ಪುಸ್ತಕ, ಒಂದು ಪೆನ್ನು

ಒಂದು ಅಂಕಿಗಿಂತ ನಾಲ್ಕು ಅಂಕಿ ಹೆಚ್ಚು ಹೇಳುತ್ತವೆ. ಬೆಳಿಗ್ಗೆ ಉಸಿರು 18, ಮಧ್ಯಾಹ್ನ 22, ಸಂಜೆ 26. ನಾಡಿ 84, 98, 116. ಇದರಲ್ಲಿ ಒಂದೊಂದನ್ನೇ ನೋಡಿದರೆ ಗಾಬರಿ ಆಗಲಿಕ್ಕಿಲ್ಲ. ಸಾಲಾಗಿ ನೋಡಿದರೆ ಮೈ ಸೋಲುತ್ತಾ ಇರುವುದು ಕಣ್ಣಿಗೆ ಕಾಣುತ್ತದೆ. ಆಸ್ಪತ್ರೆಯಲ್ಲಿ ಮಂಚದ ಕಾಲ ಬುಡದಲ್ಲಿ ಚಾರ್ಟ್ ತೂಗು ಹಾಕುವುದು ಇದಕ್ಕೇ. ಮನೆಯಲ್ಲಿ ಮಕ್ಕಳ ಹಳೆಯ ನೋಟ್ ಪುಸ್ತಕ ಸಾಕು. ತಾರೀಕು, ಹೊತ್ತು, ಐದು ಅಂಕಿ, ಎಚ್ಚರ ಹೇಗಿದೆ, ಯಾವ ಮಾತ್ರೆ ಎಷ್ಟು ಹೊತ್ತಿಗೆ, ಮೂತ್ರ ಹೋಯಿತಾ. ಡಾಕ್ಟರ ಮುಂದೆ ‘ಜ್ವರ ಬರ್ತದೆ ಹೋಗ್ತದೆ’ ಎನ್ನುವುದಕ್ಕಿಂತ ಈ ಪುಟ ತೋರಿಸುವುದು ಹತ್ತು ಪಾಲು ಮೇಲು.

ಹೆಚ್ಚಿನ ಮನೆಗಳಲ್ಲಿ ಈಗ ಒಬ್ಬಳಾದರೂ ಓದಿದ ಹುಡುಗಿ ಇದ್ದಾಳೆ. ನರ್ಸಿಂಗ್ ಎಂದರೆ ‘ರಾತ್ರಿ ಡ್ಯೂಟಿ, ಗಂಡಸರ ವಾರ್ಡ್’ ಎಂದು ಮುಖ ಸಿಂಡರಿಸುವ ಕಾಲ ಕಳೆಯುತ್ತಾ ಬಂದಿದೆ, ಆದರೆ ಪೂರ್ತಿ ಹೋಗಿಲ್ಲ. ಖಂದಕ್ ಯುದ್ಧದಲ್ಲಿ ಗಾಯಗೊಂಡ ಸಅದ್ ಬಿನ್ ಮುಆದ್‌ರನ್ನು ಆರೈಕೆಗೆ ಇರಿಸಿದ್ದು ರುಫೈದಾ ಎಂಬ ಮಹಿಳೆಯ ಡೇರೆಯಲ್ಲಿ ಎಂಬುದನ್ನು ನಾವೆಲ್ಲ ವಅಝ್‌ಗಳಲ್ಲಿ ಕೇಳಿದ್ದೇವೆ. ಕೇಳಿ ಮೆಚ್ಚಿದ ಮೇಲೆ ಮನೆಯ ಮಗಳು ಅದೇ ಕೆಲಸ ಕಲಿಯುತ್ತೇನೆ ಎಂದಾಗ ಹಿಂಜರಿಯುವುದು ಯಾಕೆ? ಅವಳು ದೇರಳಕಟ್ಟೆಯಲ್ಲಿ ದುಡಿಯಲಿ, ದಮಾಮ್‌ಗೆ ಹೋಗಲಿ, ತಾಳಿಕೋಟೆಯ ಹಳ್ಳಿಗೆ ಹೋಗಿ ದಖ್ಖನಿ ಕಲಿಯಲಿ, ಅವಳು ಹಿಡಿಯುವ ನಾಡಿ ಯಾವುದೋ ಒಂದು ಉಮ್ಮನದ್ದೇ.

ಈ ವಾರ ಮೂರು ಕೆಲಸ ಮಾಡಿ ನೋಡಿ. ಮನೆಯ ಬಿಪಿ ಮಿಷನ್‌ನ ಬ್ಯಾಟರಿ ಬದಲಾಯಿಸಿ, ಅದನ್ನು ಆಸ್ಪತ್ರೆಗೆ ಕೊಂಡು ಹೋಗಿ ಅಲ್ಲಿಯದ್ದರ ಜೊತೆ ಒಮ್ಮೆ ಹೋಲಿಸಿ. ಮನೆಯ ಎಲ್ಲರೂ ಆರೋಗ್ಯವಾಗಿರುವಾಗಲೇ ಅವರವರ ನಾಡಿ, ಉಸಿರು, ಬಿಪಿ ಎಷ್ಟಿರುತ್ತದೆ ಎಂದು ಪುಸ್ತಕದ ಮೊದಲ ಪುಟದಲ್ಲಿ ಬರೆದಿಡಿ; ಕಾಯಿಲೆ ಬಂದಾಗ ಹೋಲಿಸಲು ಅದು ಬೇಕು. ಮೂರನೆಯದಾಗಿ, ಮನೆಯ ಹತ್ತು ವರ್ಷ ದಾಟಿದ ಮಕ್ಕಳಿಗೆ ಉಸಿರು ಎಣಿಸಲು ಕಲಿಸಿ. ವಾಚು ನೋಡಲು ಬಂದರೆ ಅವರಿಗೆ ಅದು ಒಂದು ನಿಮಿಷದ ಕೆಲಸ.